ಗಣಪಣ್ಣ ಬೇಡವೆಂದ ಕೇರಿ

ಒಂದೇ ಬೆಳಗ್ಗೆ ಗಣಪಣ್ಣನ ಹೊಟ್ಟೆಯಲ್ಲಿ ಎಷ್ಟು ಲೋಟ ಹಿಡಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವಳು. ಎರಡು ಚಹಾ, ಒಂದು ಕಷಾಯ, ಒಂದು ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ ಒಂದು, ಅದರ ಮೇಲೆ ಬೆಲ್ಲ ಕಚ್ಚಿಕೊಂಡು ಒಂದು ತಂಬಿಗೆ ನೀರು. ಇಷ್ಟನ್ನೂ ಅವನು ಬಾಯಾರಿಕೆಗೆ ಕುಡಿಯುತ್ತಿರಲಿಲ್ಲ. ಅದು ಅವನ ಪರೀಕ್ಷೆಯ ಕ್ರಮ. ಶಿರಸಿಯಲ್ಲಿ ನಮ್ಮ ಪೈಕಿ ಯಾರೇ ಮನೆ ಕೊಳ್ಳುವುದಿದ್ದರೂ ವಾಸ್ತು ನೋಡುವವರನ್ನು ಒಮ್ಮೆ, ವಕೀಲರನ್ನು ಒಮ್ಮೆ, ಗಣಪಣ್ಣನನ್ನು ಒಮ್ಮೆ ಕೇಳುವುದು ರೂಢಿಯಾಗಿತ್ತು. ವಾಸ್ತುವಿನವರು ಮನೆ ನೋಡುತ್ತಿದ್ದರು, ವಕೀಲರು ಕಾಗದ ನೋಡುತ್ತಿದ್ದರು. ಗಣಪಣ್ಣ ಆ ಮನೆಯೊಳಗೆ ಕಾಲನ್ನೇ ಇಡದೆ ಅಕ್ಕಪಕ್ಕದ ಮನೆಗಳಿಗೆ ಹೋಗಿ ಜಗುಲಿಯ ಮೇಲೆ ಕೂತುಬಿಡುತ್ತಿದ್ದ.

ಹುಟ್ಟಿದ್ದು ಕಾನಸೂರಿನಲ್ಲಿ, ಬೆಳೆದದ್ದು ಅಲ್ಲಿ ಇಲ್ಲಿ. ನನ್ನ ಅಮ್ಮನಿಗೆ ದೊಡ್ಡಪ್ಪನ ಮಗ, ಹಾಗಾಗಿ ನನಗೆ ಮಾವ. ಶಿರಸಿ ಪೇಟೆಯಲ್ಲಿ ಹಳೆ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾಸ್ ಒಲೆ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಅಂಗಡಿ ಎನ್ನುವುದು ದೊಡ್ಡ ಮಾತು. ಒಂದು ಮೇಜು, ಒಂದು ಸ್ಟೂಲು, ಗೋಡೆಗೆ ನೇತುಹಾಕಿದ ರಬ್ಬರ್ ಪೈಪುಗಳು. ಅವನು ಅಲ್ಲಿ ಇರುತ್ತಿದ್ದುದೂ ಕಡಿಮೆ. ಹೆಗಲಿಗೆ ಕ್ಯಾನ್ವಾಸ್ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಅಡಿಗೆಮನೆಯಲ್ಲೇ ಕೂತು ಬರ್ನರ್ ಬಿಚ್ಚುತ್ತಿದ್ದ. ನಲವತ್ತು ವರ್ಷ ಊರಿನ ಅಡಿಗೆಮನೆಗಳಲ್ಲಿ ಕೂತವನಿಗೆ ಯಾವ ಅತ್ತೆಗೆ ಯಾವ ಸೊಸೆ ಆಗುವುದಿಲ್ಲ, ಯಾರ ಮನೆಗೆ ಯಾರ ಮನೆಯಿಂದ ಸಾಸಿವೆ ಕಡ ಬರುತ್ತದೆ ಎಲ್ಲವೂ ಗೊತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟರೆ ನಾಳೆ ಒಲೆ ಮುಟ್ಟಲು ಯಾರು ಕರೆಯುತ್ತಾರೆ ಎನ್ನುತ್ತಿದ್ದ.

ಅವನ ಪರೀಕ್ಷೆಯ ವಿಷಯ ಹೇಳುತ್ತಿದ್ದೆ. ನಮ್ಮ ಕಡೆ ಹೊರಗಿನಿಂದ ಯಾರೇ ಬರಲಿ, ಬಂದ ಕೆಲಸ ಕೇಳುವುದಕ್ಕೂ ಮೊದಲು 'ಆಸ್ರಿಗೆ ಎಂತ ಬೇಕು?' ಎಂದು ಕೇಳುತ್ತಾರೆ. ಆಸರಿ ಎಂದರೆ ಬಂದವರ ಬಾಯಾರಿಕೆಗೆ ಕೊಡುವುದು. ನೀರು ಬೆಲ್ಲ, ಮಜ್ಜಿಗೆ, ಚಹಾ, ಮನೆಯಲ್ಲಿ ಏನಿದೆಯೋ ಅದು. ಈ ಒಂದು ಪ್ರಶ್ನೆ ಬಂತೋ ಇಲ್ಲವೋ, ಬಂದರೆ ಎಷ್ಟು ಹೊತ್ತಿಗೆ ಬಂತು, ಕೇಳಿದವರು ಎದ್ದು ಒಳಗೆ ಹೋದರೋ ಕೂತಲ್ಲೇ ಕೇಳಿದರೋ, ಇಷ್ಟರಲ್ಲೇ ಗಣಪಣ್ಣ ಇಡೀ ಕೇರಿಯ ಜಾತಕ ಬರೆಯುತ್ತಿದ್ದ. ಕೂತಲ್ಲೇ ಕೇಳಿದವರಿಗೆ ಅರ್ಧ ಮಾರ್ಕು. 'ಈಗಷ್ಟೇ ಕುಡ್ಕಂಡು ಬಂದಿಕ್ಕು ನೀವು' ಎಂದವರಿಗೆ ಸೊನ್ನೆ. "ಮನೆ ಸೋರಿದ್ರೆ ರಿಪೇರಿ ಮಾಡ್ಲಕ್ಕು, ಆಚೆಮನೆಯವ್ರನ್ನ ರಿಪೇರಿ ಮಾಡ್ಲೆ ಎನ್ನ ಚೀಲದಲ್ಲಿ ಯಾವ ಸಾಮಾನೂ ಇಲ್ಲೆ" ಎನ್ನುವುದು ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು.

ದಾಸನಕೊಪ್ಪದ ಕಿರಾಣಿ ವ್ಯಾಪಾರಿಯೊಬ್ಬರು ಮಕ್ಕಳ ಓದಿಗೆಂದು ಶಿರಸಿಯಲ್ಲಿ ಮನೆ ಹುಡುಕುತ್ತಿದ್ದಾಗ ಗಣಪಣ್ಣ ಒಂದು ಹಳೆಯ ಹೆಂಚಿನ ಮನೆಯನ್ನೇ ತೆಗೆದುಕೊಳ್ಳಿ ಎಂದು ಹಟ ಹಿಡಿದ. ಅಡಿಗೆಮನೆ ಇರಬಾರದ ದಿಕ್ಕಿನಲ್ಲಿದೆ ಎಂದು ವಾಸ್ತುವಿನವರು ಹೇಳಿದ್ದರು. ಹೆಂಚು ಸರಿಯಿಲ್ಲ ಎಂದು ಮೇಸ್ತ್ರಿ ಹೇಳಿದ್ದ. ಆದರೆ ಎಡಗಡೆ ಮನೆಯ ಅಜ್ಜಿ ಗಣಪಣ್ಣ ಕೂರುವುದಕ್ಕೂ ಮೊದಲೇ ಮಜ್ಜಿಗೆ ತಂದಿಟ್ಟು, ಅವನು ಕುಡಿಯುತ್ತಿರುವಾಗಲೇ ಯಾರು ನೀನು ಎಂದು ಕೇಳಿದ್ದಳು. ಅಷ್ಟು ಸಾಕಾಯಿತು. ಎರಡು ಮಳೆಗಾಲ ಕಳೆದ ಮೇಲೆ ಆ ವ್ಯಾಪಾರಿ ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ. ಮನೆ ಹೇಗಿದೆ ಎಂದು ಕೇಳಿದರೆ, "ಮನಿ ಸೋರತೈತ್ರಿ. ಆದ್ರ ಸೋರಾಕ ಹತ್ತಿದ ಕೂಡ್ಲೆ ಆಜೂಬಾಜೂದವರು ಬಕೆಟ್ ಹಿಡಕೊಂಡು ಬರ್ತಾರ್ರಿ" ಎಂದರು. ದೂರುತ್ತಿದ್ದಾರೋ ಹೊಗಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಗಣಪಣ್ಣ ಮಾತ್ರ ಅದನ್ನು ಹೊಗಳಿಕೆಯ ಖಾತೆಗೇ ಸೇರಿಸಿಕೊಂಡ.

ಇಂಥವನನ್ನು ನಾನು ಘಟ್ಟ ಇಳಿಸಿ ಕುಮಟಾಕ್ಕೆ ಕರೆಸಿಕೊಂಡದ್ದು ನನ್ನ ಗರಜಿಗೆ. ನಾನು ಶಿರಸಿ ಹತ್ತಿರದ ಹೆಗಡೆಕಟ್ಟಾದವಳು. ಕುಮಟಾದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮದುವೆಯಾಗಿಲ್ಲ, ಹದಿನೆಂಟು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದಿದ್ದೆ. ಒಂದು ಮಳೆಗಾಲ ಜ್ವರ ಬಂದು ಮೂರು ದಿನ ಏಳಲಾಗದೆ ಮಲಗಿದ್ದೆ. ಬಾಗಿಲ ಹೊರಗೆ ಮೂರು ಹಾಲಿನ ಪ್ಯಾಕೆಟ್ಟು ಸಾಲಾಗಿ ಬಿದ್ದದ್ದನ್ನು ನೋಡಿ ಹಾಲಿನವನೇ ಬಾಗಿಲು ಬಡಿದ. ಮಹಡಿಯ ಮೇಲಿದ್ದ ಮಾಲಕರು ನಾನು ಊರಿಗೆ ಹೋಗಿದ್ದೇನೆ ಎಂದುಕೊಂಡಿದ್ದರಂತೆ. ಆ ಮೂರು ದಿನ ನನಗೆ ಸಾಯುವ ಹೆದರಿಕೆ ಆಗಲಿಲ್ಲ. ಸತ್ತರೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಹೆದರಿಕೆಯಾಯಿತು. ಮುಂದಿನ ಬೇಸಿಗೆಯಲ್ಲಿ ಮಾಲಕರೂ ಕೋಣೆ ಬಿಡಿ ಎಂದಾಗ, ಇನ್ನು ಸ್ವಂತದ್ದೇ ಒಂದು ಸಣ್ಣ ಮನೆ, ಅದೂ ಒಳ್ಳೆಯ ನೆರೆ ಇರುವಲ್ಲಿ, ಎಂದು ನಿಶ್ಚಯಿಸಿದೆ.

ಪೇಟೆಯ ಹೊರಗೆ ಎರಡು ಮನೆ ನೋಡಿಟ್ಟಿದ್ದೆ. ಒಂದು ಹೆದ್ದಾರಿಯ ಬದಿಯ ಹೊಸ ಬಡಾವಣೆಯಲ್ಲಿ. ಅಲ್ಲಿ ಹೆಚ್ಚಿನವರು ಘಟ್ಟದ ಮೇಲಿನಿಂದ ಬಂದ ನಮ್ಮವರೇ. ಇನ್ನೊಂದು ಸಮುದ್ರದ ಕಡೆಗೆ ಹೋಗುವ ಹಳೆಯ ಕೇರಿಯಲ್ಲಿ; ಆಚೆಈಚೆ ಬೋಟಿಗೆ ಹೋಗುವವರು, ಟೈಲರು, ಲೈನ್‌ಮನ್, ಹೀಗೆ ನಾನಾ ತರದವರು. ನನ್ನ ಮನಸ್ಸು ಎರಡನೆಯದರ ಕಡೆಗೆ ಇತ್ತು. ಯಾಕೆ ಎಂದು ಕೇಳಿದರೆ ಹೇಳಲು ಕಾರಣವಿರಲಿಲ್ಲ, ಅದರ ಅಡಿಗೆಮನೆಯ ಕಿಟಕಿಯಿಂದ ಬರುವ ಗಾಳಿಯನ್ನು ಬಿಟ್ಟರೆ. ಊರಿನಲ್ಲಿರುವ ಅಣ್ಣ, ಇದರಲ್ಲಿ ಯೋಚನೆ ಮಾಡುವುದು ಎಂತ ಇದೆ, ನಮ್ಮವರು ಇರುವಲ್ಲಿ ತಗೋ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಇಬ್ಬರು ಮಾಲಕರೂ ಹತ್ತು ದಿನದೊಳಗೆ ಹೇಳಿ ಎಂದಿದ್ದರು.

ಮೇ ತಿಂಗಳ ಒಂದು ಭಾನುವಾರ ಗಣಪಣ್ಣ ಮೊದಲ ಬಸ್ಸಿಗೆ ಬಂದಿಳಿದ. ಬಿಳಿ ಪಂಚೆ, ತೋಳಿಲ್ಲದ ಬನಿಯನ್ನು, ಹೆಗಲಿಗೆ ಟವೆಲು ಮತ್ತು ಅದೇ ಚೀಲ. ಸೆಕೆಗೆ ಅಂಗಿ ಬಿಚ್ಚಿ ಚೀಲಕ್ಕೆ ತುರುಕಿದ್ದ. ಬನಿಯನ್ನಿನ ಕುತ್ತಿಗೆಯಲ್ಲಿ ಜನಿವಾರ ಎದ್ದು ಕಾಣುತ್ತಿತ್ತು.

ಮೊದಲು ಬಡಾವಣೆಗೆ ಹೋದೆವು. ನಾನು ಆರಂಭದಲ್ಲಿ ಹೇಳಿದ ಲೋಟಗಳೆಲ್ಲ ಅಲ್ಲಿಯವು. ಮೂರು ಮನೆಗೆ ಹೋದೆವು, ಮೂರರಲ್ಲೂ ಚಪ್ಪಲಿ ಬಿಡುವುದರೊಳಗೆ ಆಸರಿ ಕೇಳಿದರು. ಗಣಪಣ್ಣನ ಮುಖ ಹಿಗ್ಗಿ ಹೋಯಿತು. ಆದರೆ ಪ್ರತಿ ಲೋಟದ ಹಿಂದೆ ಒಂದೊಂದು ಪ್ರಶ್ನೆಯೂ ಬಂತು. ಚಹಾದ ಜೊತೆ ನಾನು ಯಾರ ಮಗಳು ಎಂದು. ಮಜ್ಜಿಗೆಯ ಜೊತೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು. ಪಾನಕದ ಜೊತೆ, ಒಬ್ಬಳೇ ಇರುವುದಾದರೆ ಮನೆಗೆ ಬಂದುಹೋಗಿ ಮಾಡುವವರು ಯಾರ್ಯಾರು ಎಂದು. ಕಷಾಯ ಕೊಟ್ಟವರು ತಮ್ಮ ಬಳಗದಲ್ಲಿ ಹೆಂಡತಿ ತೀರಿಕೊಂಡವರೊಬ್ಬರಿದ್ದಾರೆ ಎಂಬುದನ್ನೂ ತಿಳಿಸಿದರು. ಗಣಪಣ್ಣನಿಗೆ ಇದೊಂದೂ ಕೇಳಿಸಲಿಲ್ಲ. ಅವನು ಬಾಯಿ ತುಂಬಿಕೊಂಡಿದ್ದ.

ಹಳೆಯ ಕೇರಿಗೆ ಬಂದಾಗ ಹನ್ನೆರಡು ಗಂಟೆ. ಬಿಸಿಲಿಗೆ ರಸ್ತೆಯ ಮರಳು ಚಪ್ಪಲಿ ದಾಟಿ ಸುಡುತ್ತಿತ್ತು. ಅಲ್ಲಿಯೂ ಮೂರು ಮನೆ. ಮೊದಲನೆಯದು ನಾಗವೇಣಿಯದು. ಗಂಡ ಬೋಟಿಗೆ ಹೋಗುತ್ತಾನೆ, ಅವಳು ಜಗುಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ನಮ್ಮನ್ನು ಕಂಡವಳೇ ಎದ್ದು, ಒಳಗಿನಿಂದ ಪ್ಲಾಸ್ಟಿಕ್ ಖುರ್ಚಿ ತಂದು, ಸೆರಗಿನಲ್ಲಿ ಎರಡು ಸಲ ಒರೆಸಿ ಗಣಪಣ್ಣನಿಗೆ ಹಾಕಿದಳು. ಚೆನ್ನಾಗಿ ಮಾತಾಡಿದಳು. ಮಾರುವ ಮನೆಯ ಬಾವಿಯ ನೀರು ಏಪ್ರಿಲ್‌ನಲ್ಲಿ ಸ್ವಲ್ಪ ಉಪ್ಪಾಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಆದರೆ ಆಸರಿ ಕೇಳಲಿಲ್ಲ. ಗಣಪಣ್ಣ ಟವೆಲಿನಿಂದ ಗಾಳಿ ಬೀಸಿಕೊಂಡ, ಕೆಮ್ಮಿದ, ಸೆಕೆ ಎಂದ. ಅವಳು ಫ್ಯಾನು ತಂದಿಟ್ಟಳು. ನೀರು ಬರಲಿಲ್ಲ. ಟೈಲರ್ ಮನೆಯಲ್ಲೂ ಅದೇ ಕಥೆ, ಲೈನ್‌ಮನ್ ಮನೆಯಲ್ಲೂ ಅದೇ.

ರಸ್ತೆಗೆ ಬಂದದ್ದೇ ತೀರ್ಪು ಹೊರಬಿತ್ತು. "ಈ ಕೇರಿ ಬ್ಯಾಡ ಕೂಸೇ. ಉರಿಬಿಸಿಲಲ್ಲಿ ಬಂದವಂಗೆ ಒಂದು ಲೋಟ ನೀರು ಬೇಕಾ ಹೇಳಿ ಕೇಳಿದ್ವಿಲ್ಲೆ. ನಾಳೆ ನಿಂಗೆ ಜ್ವರ ಬಂದ್ರೆ ಇವು ಬತ್ವಾ?"

ನನಗೆ ಆಗ ನಲವತ್ತಾರು. ಅವನಿಗೆ ಮಾತ್ರ ನಾನು ಕೂಸೇ. ವಾದ ಮಾಡಬೇಕೆನಿಸಿತು, ಆದರೆ ಅವನು ಜ್ವರದ ಮಾತು ತೆಗೆದುಬಿಟ್ಟಿದ್ದ. ಬಡಾವಣೆಯವರ ಪ್ರಶ್ನೆಗಳನ್ನು ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆದರೂ ಪ್ರಶ್ನೆ ಕೇಳುವುದಕ್ಕಾದರೂ ಬಾಗಿಲು ಬಡಿಯುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೂರು ದಿನ ಬಿಟ್ಟು, ಹಳೆಯ ಕೇರಿಯ ಮಾಲಕರಿಗೆ ಬೇಡವೆಂದು ಎದುರಿಗೇ ಹೇಳಿಬರೋಣ ಎಂದು ಹೊರಟೆ.

ನಾಗವೇಣಿ ಜಗುಲಿಯಿಂದಲೇ ಕರೆದಳು. ಅವಳ ತಂಗಿ ನನ್ನ ಹತ್ತಿರ ಓದಿದ್ದಳಂತೆ. ನಾನು ಯಾರು ಎಂದು ಗೊತ್ತಾದ ಮೇಲೆ ಒಳಗೆ ಕೂರಿಸಿ, ಕೇಳದೆಯೇ ಚಹಾ ತಂದಿಟ್ಟಳು. ನಾನು ಗಣಿತದವಳು, ಲೆಕ್ಕ ತಾಳೆಯಾಗದಿದ್ದರೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ನನಗೆ ಈಗ ಚಹಾ ಕೊಟ್ಟೆ, ಆವತ್ತು ಆ ಮುದುಕನಿಗೆ ನೀರೂ ಕೇಳಲಿಲ್ಲವಲ್ಲ, ಯಾಕೆ ಎಂದು ನೇರವಾಗಿ ಕೇಳಿಬಿಟ್ಟೆ.

"ಕೇಳೂಕೆ ಹೆದ್ರಿಕೆ ಆಯ್ತು ಅಕ್ಕೋರೆ" ಎಂದಳು. "ಜನಿವಾರ ಕಾಣ್ತಿತ್ತು. ನಮ್ಮನೆ ನೀರು ಅವ್ರು ಕುಡಿತ್ರೋ ಇಲ್ವೋ. ನಮ್ಮತ್ತೆ ಒಂದ್ಸಲ ಘಟ್ಟದ ಮೇಲಿನೋರು ಒಬ್ರಿಗೆ ನೀರು ಕೊಟ್ರೆ, ಅವ್ರು ಮುಟ್ಟದೆ ಎದ್ದು ಹೋಗಿದ್ರಂತೆ. ಅತ್ತೆ ಸಾಯೂವರೆಗೂ ಅದನ್ನ ಹೇಳ್ತಿದ್ರು. ಅದ್ಕೇ ನಾವು ಕೇಳೂದೇ ಇಲ್ಲ. ಖುರ್ಚಿ ಒರ್ಸಿ ಕೊಡ್ತೇವೆ."

ನನಗೆ ನಾಚಿಕೆಯಾಯಿತು. ಬರೀ ಗಣಪಣ್ಣನ ಪರವಾಗಿ ಅಲ್ಲ. ಅವಳು ಖುರ್ಚಿಯನ್ನು ಎರಡೆರಡು ಸಲ ಒರೆಸುವುದನ್ನು ನಾನೂ ನೋಡಿದ್ದೆ, ಅದು ಮರ್ಯಾದೆ ಎಂದುಕೊಂಡು ಸುಮ್ಮನಾಗಿದ್ದೆ. ನಾವು ಹೋದ ಮೇಲೆ ಮೂರೂ ಮನೆಯವರು ಬೇಲಿಯ ಹತ್ತಿರ ನಿಂತು, ಬಿಸಿಲಲ್ಲಿ ಬಂದವರಿಗೆ ಒಂದು ಎಳನೀರಾದರೂ ಕೆತ್ತಿ ಕೊಡಬಹುದಿತ್ತು, ಅದಕ್ಕೆ ಮೈಲಿಗೆ ಇರುತ್ತಿರಲಿಲ್ಲ ಎಂದು ಮಾತಾಡಿಕೊಂಡರಂತೆ. ಮಾಲಕರ ಮನೆಗೆ ಹೋಗದೆ ವಾಪಸು ಬಂದೆ.

ಆ ಸಂಜೆ ಗಣಪಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಮಾತಿಗೆ ಮಾತು ಜೋಡಿಸುವ ಮನುಷ್ಯ "ಹ್ಞೂಂ" ಎಂದು ಫೋನು ಇಟ್ಟ. ಸಿಟ್ಟು ಬಂದಿರಬೇಕು ಎಂದುಕೊಂಡೆ. ಭಾನುವಾರ ಬೆಳಗ್ಗೆ ನೋಡಿದರೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಾನೆ. ಈ ಸಲ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕುತ್ತಿಗೆಯವರೆಗೂ ಗುಂಡಿ. ನನ್ನ ಹತ್ತಿರ ಏನೂ ಹೇಳದೆ ಸೀದಾ ಆ ಕೇರಿಗೆ ನಡೆದ. ನಾಗವೇಣಿ ಖುರ್ಚಿ ತರಲು ಎದ್ದರೆ ಬೇಡವೆಂದು ಕೈ ಮಾಡಿ, ಬಲೆಯನ್ನು ಸರಿಸಿ ಜಗುಲಿಯ ಮೇಲೆ ಕೂತ. ಜನ್ಮದಲ್ಲಿ ಯಾರ ಮನೆಯಲ್ಲೂ ಬಾಯಿಬಿಟ್ಟು ಕೇಳಿದವನಲ್ಲ. ಕೇಳಿ ಕುಡಿದರೆ ಪರೀಕ್ಷೆ ಕೆಡುತ್ತದೆ ಎನ್ನುತ್ತಿದ್ದವನು.

"ತಂಗೀ, ಬಾಯಾರಿದ್ದು. ಕುಡಿಲಿಕ್ಕೆ ಎಂತಾದ್ರೂ ಕೊಡ್ತೀಯಾ?"

ಅವಳು ನನ್ನ ಮುಖ ನೋಡಿದಳು. ಎಳನೀರು ಕೆತ್ತಿಸುತ್ತೇನೆ ಎಂದಳು.

"ಎಳನೀರು ಬ್ಯಾಡ. ನಿನ್ನ ಒಲೆ ಮೇಲೆ ಕಾಸಿದ್ದು ಎಂತ ಇದ್ರೂ ಆಯ್ತು."

ಅವಳು ಅವಸರದಲ್ಲಿ ತಂದ ಚಹಾ ಅರ್ಧ ಬಸಿಗೆ ಚೆಲ್ಲಿತ್ತು. ಗಣಪಣ್ಣ ಬಸಿಯಲ್ಲಿದ್ದುದನ್ನೂ ಕುಡಿದ. ಇನ್ನೊಂದು ಲೋಟ ಕೇಳಿದ. ಅವಳು ಮತ್ತೆ ಒಲೆ ಹಚ್ಚಿದಾಗ ಅದರ ಸುಯ್ಯೆನ್ನುವ ಸದ್ದು ಕೇಳಿ ಅವನಿಗೆ ಕೂರಲಾಗಲಿಲ್ಲ. ಒಳಗೆ ಹೋಗಿ ಬಗ್ಗಿ ನೋಡಿ, ಇಷ್ಟು ಹಳದಿ ಉರಿಯಲ್ಲಿ ಚಹಾ ಮಾಡುವುದೆಂದರೆ ಸಿಲಿಂಡರನ್ನು ಸಮುದ್ರಕ್ಕೆ ಎಸೆದಂತೆ ಎಂದು ಬೈದು, ಅಡಿಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಬರ್ನರ್ ಬಿಚ್ಚಿದ. ನಾಗವೇಣಿ ಮೊದಲ ಸಲ ನಕ್ಕಳು. ಸುದ್ದಿ ಹರಡಿ ಟೈಲರ್ ಮನೆಯವರು ಕರೆದರು, ಲೈನ್‌ಮನ್ ಮನೆಯವರು ಕರೆದರು. ಮಧ್ಯಾಹ್ನದೊಳಗೆ ಏಳು ಒಲೆ ರಿಪೇರಿಯಾಗಿ, ಏಳು ಕಡೆ ಚಹಾ ಆಗಿತ್ತು. ಊಟಕ್ಕೆ ಏಳಿ ಎಂದರೆ ಹೊಟ್ಟೆಯಲ್ಲಿ ಜಾಗವಿಲ್ಲ ಎಂದ.

ತಪ್ಪಾಯಿತು ಎಂದು ಮಾತ್ರ ಒಪ್ಪಲಿಲ್ಲ. ಬಸ್ಸು ಹತ್ತುವಾಗ, ಆವತ್ತು ಪಾಪ ಅವರಿಗೆ ಪುರುಸೊತ್ತು ಇರಲಿಲ್ಲ ಕಾಣುತ್ತದೆ ಎಂದು ಗೊಣಗಿ ಕಿಟಕಿಯ ಕಡೆ ತಿರುಗಿದ.

ನಾನು ಆ ಕೇರಿಯಲ್ಲೇ ಮನೆ ಕೊಂಡೆ. ಅಣ್ಣ ಒಂದು ವರ್ಷ ಬಂದು ನೋಡಲಿಲ್ಲ. ಈ ಕೇರಿಯವರೂ ನನ್ನ ಮದುವೆಯ ವಿಷಯ ಕೇಳಿದ್ದಾರೆ, ಕೇಳಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಕೇಳುವುದಕ್ಕೆ ಎಂಟು ತಿಂಗಳು ತೆಗೆದುಕೊಂಡರು. ಬೆಳಗ್ಗೆ ಏಳಕ್ಕೆ ನನ್ನ ಹಿಂಬಾಗಿಲು ತೆರೆಯದಿದ್ದರೆ ನಾಗವೇಣಿ ಬೇಲಿಯಿಂದ ಕೂಗುತ್ತಾಳೆ. ರಜೆಯ ದಿನ ಅದು ನನಗೆ ಸಾಕುಸಾಕಾಗುತ್ತದೆ.

ಗಣಪಣ್ಣ ಇದರ ಕೀರ್ತಿಯನ್ನು ಇಡಿಯಾಗಿ ಎತ್ತಿಕೊಂಡ. ಶಿರಸಿಯಲ್ಲಿ ಯಾರ ಅಡಿಗೆಮನೆಗೆ ಹೋದರೂ, ಕುಮಟಾದ ಕೂಸಿಗೆ ಎಂಥ ಕೇರಿ ಆರಿಸಿಕೊಟ್ಟೆ ನೋಡಿ, ಅದಕ್ಕೆ ಗೊತ್ತಾಗಿರಲಿಲ್ಲ, ನಾನೇ ಹೋಗಿ ಕೂತು ನೋಡಿದ್ದು ಎಂದು ಬರ್ನರ್ ತಿಕ್ಕುತ್ತ ಹೇಳುತ್ತಿದ್ದನಂತೆ. ನಾನು ಎದುರಿಗಿದ್ದಾಗಲೂ ಹೇಳುತ್ತಿದ್ದ. ಸುಳ್ಳು ಹೇಳುತ್ತಿದ್ದೀಯಾ ಮಾವ ಎಂದರೆ, ಅವನಿಗೆ ಇದ್ದಕ್ಕಿದ್ದಂತೆ ಕಿವಿ ಮಂದವಾಗುತ್ತಿತ್ತು.

ಹೋದ ಚಳಿಗಾಲ ಒಂದು ಬೆಳಗ್ಗೆ ಫೋನು ಬಂತು. ಗಣಪಣ್ಣ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಶಿರಸಿಗೆ ಹೋಗುವ ದೇವಿಮನೆ ಘಟ್ಟದ ರಸ್ತೆ ರಿಪೇರಿಗೆಂದು ಬಂದ್ ಆಗಿತ್ತು, ಬಸ್ಸಿಲ್ಲ. ಹಿಂಬಾಗಿಲಲ್ಲಿ ನಿಂತು ಅಳುತ್ತಿದ್ದವಳನ್ನು ನಾಗವೇಣಿ ನೋಡಿದಳು. ಅರ್ಧ ಗಂಟೆಯಲ್ಲಿ ಅವಳ ಗಂಡ ಮೀನು ಸಾಗಿಸುವ ಟೆಂಪೋ ತೊಳೆದು ತಂದು ನಿಲ್ಲಿಸಿದ. ಅವಳೂ ಹತ್ತಿ ಪಕ್ಕದಲ್ಲಿ ಕೂತಳು. ಅಂಕೋಲೆ, ಯಲ್ಲಾಪುರ ಸುತ್ತಿಕೊಂಡು ಶಿರಸಿ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಎಷ್ಟು ತೊಳೆದರೂ ಟೆಂಪೋ ತನ್ನ ವಾಸನೆ ಬಿಟ್ಟಿರಲಿಲ್ಲ. ಅಂಗಳದಲ್ಲಿದ್ದ ನಮ್ಮ ಬಳಗದವರು ಮೂಗು ಮುಚ್ಚಿಕೊಳ್ಳಲೂ ಆಗದೆ ಬಿಡಲೂ ಆಗದೆ ಒದ್ದಾಡಿದರು. ಗಣಪಣ್ಣನ ಹೆಂಡತಿ, ನನ್ನ ಅತ್ತೆ, ನನಗಾಗಿ ಎಲ್ಲರನ್ನೂ ಕಾಯಿಸಿದ್ದಳು. ಮುಖ ನೋಡಲು ಸಿಕ್ಕಿತು.

ಎಲ್ಲ ಮುಗಿದು ಜನ ಚದುರಿದ ಮೇಲೆ ಅತ್ತೆ ನನ್ನನ್ನೂ ನಾಗವೇಣಿಯನ್ನೂ ಹತ್ತಿರ ಕೂರಿಸಿಕೊಂಡಳು. ಹದಿನೈದು ದಿನದ ಹಿಂದೆ ಸಿದ್ದಾಪುರದ ಗಂಡಹೆಂಡತಿ ಬಂದಿದ್ದರಂತೆ, ಹೊನ್ನಾವರದ ಕಡೆ ಮನೆ ಕೊಳ್ಳುವುದಿದೆ, ಕೇರಿ ನೋಡಿಕೊಡಲು ಬಾ ಎಂದು. ಗಣಪಣ್ಣ ಬರುವುದಿಲ್ಲ ಎಂದನಂತೆ. ಅವರು ಬಿಡದೆ ಕೇಳಿದಾಗ ಹೇಳಿದ ಮಾತನ್ನು ಅತ್ತೆ ಹಾಗೆಯೇ ಹೇಳಿದಳು.

"ಆನು ಎಂಗೆ ಆಸ್ರಿ ಕೊಟ್ಟವ್ರನ್ನ ಮಾತ್ರ ಎಣಿಸ್ಕಂಡು ಬಂದೆ. ಕೊಡದೇ ಇದ್ದವು ಎಂತಕ್ಕೆ ಕೊಟ್ಟಿದ್ವಿಲ್ಲೆ ಹೇಳಿ ಒಂದು ದಿನ ಕೇಳಿದ್ನಿಲ್ಲೆ. ಕುಮಟಾದ ಕೂಸು ಕೇಳ್ಚು. ಅದ್ರನ್ನೇ ಕರ್ಕಂಡು ಹೋಗಿ."

ನಾಗವೇಣಿಗೆ ನಮ್ಮ ಮಾತು ಪೂರ್ತಿ ತಿಳಿಯದೆ, ಎಂತ ಹೇಳಿದ್ರು ಅಕ್ಕೋರೆ ಎಂದು ಕೇಳಿದಳು. ಕೊಡದವರು ಯಾಕೆ ಕೊಡಲಿಲ್ಲ ಎಂದು ತಾನು ಒಂದು ದಿನವೂ ಕೇಳಲಿಲ್ಲ, ಕೇಳಿದವಳು ನಾನು, ಹಾಗಾಗಿ ನನ್ನನ್ನೇ ಕರೆದುಕೊಂಡು ಹೋಗಿ ಎಂದನಂತೆ ಎಂದು ಅವಳಿಗೆ ತಿಳಿಸಿದೆ. ಈ ಮಾತನ್ನು ಅವನು ನನ್ನ ಎದುರಿಗೆ ಹೇಳಿದ್ದರೆ ನಾನು ವರ್ಷವಿಡೀ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ, ಅದು ಗೊತ್ತಿದ್ದೇ ಹೇಳಿರಲಿಲ್ಲ. ಗೋಳುಹೊಯ್ದುಕೊಳ್ಳುವ ಆಸೆ ನನಗೆ ಈಗಲೂ ಇದೆ. ಅವನಿಲ್ಲ.